ಬೆನ್ನಿಗೊಂದು ಮುಖ

ನನಗೆ ಹುರುಪು ಬಂದರೆ ಊಟ ಸೇರುವುದಿಲ್ಲ, ಎದುರಿಗೆ ಸಿಕ್ಕವರನ್ನು ಸುಮ್ಮನೆ ಬಿಡುವುದೂ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನನ್ನ ಗಂಡ ದಿನಕ್ಕೊಮ್ಮೆ ಹೇಳುತ್ತಾರೆ. ಆ ಶುಕ್ರವಾರ ಸಂಜೆ ಕಚೇರಿ ಕೆಲಸ ಮುಗಿಸಿ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದಾಗ ನನ್ನ ಹತ್ತಿರ ಎರಡು ಚೀಲಗಳಿದ್ದವು. ಒಂದರಲ್ಲಿ ಪೋಸ್ಟರ್ ಕಲರಿನ ಬಾಟಲಿಗಳು, ಬ್ರಷ್ಷು, ಒಂದು ಸಣ್ಣ ಡಬ್ಬ ವಾರ್ನಿಷ್. ಇನ್ನೊಂದರಲ್ಲಿ ಹರದನಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಮೂರು ದಿನ ನೆನೆಹಾಕಿದ್ದ ಹಳೆಯ ಪೇಪರು. ಎಷ್ಟು ಹಿಂಡಿ ತುಂಬಿದ್ದರೂ ತೆರಕಣಾಂಬಿ ಬರುವಷ್ಟರಲ್ಲಿ ಸೀಟಿನ ಕೆಳಗೆ ನೀರು ಹರಿಯತೊಡಗಿತು.

"ಏನಮ್ಮ ಅದು, ಮೀನಾ?" ಅಂದರು ಕಂಡಕ್ಟರು.

"ಅಲ್ಲಪ್ಪ, ಕಾಗದ."

"ಕಾಗ್ದಾನ ಯಾಕಮ್ಮ ನೆನ್ಸ್ಕಂಡು ಓಯ್ತಾ ಇದ್ದೀರಿ?"

"ಹುಲಿಗೆ!" ಅಂದೆ. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ನನಗೆ ಅಷ್ಟೇ ಬೇಕಾಗಿತ್ತು. ಉಳಿದ ದಾರಿಯುದ್ದಕ್ಕೂ ಆ ಬಸ್ಸಿನವರಿಗೆ ನಾನು ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ.

ನನಗೆ ಒಬ್ಬಳೇ ಅಕ್ಕ, ಹತ್ತು ವರ್ಷ ದೊಡ್ಡವಳು. ಗುಂಡ್ಲುಪೇಟೆ ದಾಟಿ ಕಾಡಿನ ಅಂಚಿನಲ್ಲಿ ಅವಳ ಊರು. ಭಾವ ಟೆಂಪೊ ಓಡಿಸುತ್ತಾರೆ, ಮನೆಯಲ್ಲಿರುವುದೇ ಅಪರೂಪ. ಹೊಲ ಏನಿದ್ದರೂ ಅಕ್ಕನ ರಾಜ್ಯ. ಮಳೆಗಾಲದಲ್ಲಿ ಅಲ್ಲಿ ಚೆಂಡು ಹೂವು ಹಾಕುತ್ತಾಳೆ, ಬಣ್ಣ ತೆಗೆಯುವ ಫ್ಯಾಕ್ಟರಿಗೆ ಹೋಗುವ ಹೂವು. ಹೂ ಕೀಳುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಹಾವು ಕಂಡರೆ ಕೋಲಿನಲ್ಲಿ ಎತ್ತಿ ಆಚೆ ಬಿಡುವವಳು, ಆನೆ ಬಂತು ಅಂದರೆ ತಗಡಿನ ಡಬ್ಬ ಬಡಿಯುತ್ತ ಎಲ್ಲರಿಗಿಂತ ಮುಂದೆ ಓಡುವವಳು. ಅಂಥವಳು ಒಂದು ಬೆಳಿಗ್ಗೆ ಬಗ್ಗಿ ಕಳೆ ಕೀಳುತ್ತಿದ್ದಾಗ ಬೆನ್ನ ಹಿಂದೆ ಏನೋ ಇದೆ ಅನ್ನಿಸಿ ತಿರುಗಿದಳಂತೆ. ಬದುವಿನ ಮೇಲೆ ಹುಲಿ ನಿಂತಿತ್ತು, ಹತ್ತು ಮಾರು ದೂರದಲ್ಲಿ. ಅಕ್ಕ ನೋಡಿದಳು, ಅದೂ ನೋಡಿತು, ಆಮೇಲೆ ಲಂಟಾನದ ಪೊದೆಯೊಳಗೆ ಹೋಯಿತು. ಆಗಿದ್ದು ಇಷ್ಟೇ.

ಅವತ್ತು ಮನೆಗೆ ಬಂದ ಅಕ್ಕ ಮತ್ತೆ ಹೊಲದ ಕಡೆ ಕಾಲಿಡಲಿಲ್ಲ. ಒಂದು ತಿಂಗಳಾಯಿತು. ಹೂವು ಬಿರಿಯಲು ಶುರುವಾಯಿತು. ಆ ವಾರ ಫೋನು ಮಾಡಿ ಹೇಳಿದಳು: "ಒಲಾನ ಶುಂಠಿ ಬೆಳೆಯೋ ಕೇರಳದೋರ್ಗ ಗುತ್ಗೆ ಕೊಟ್ಬುಡ್ತೀನಿ ಕಣಮ್ಮಿ. ಬರೋ ಸ್ವಾಮಾರ ಬಿಟ್ಟು ಮುಂದಿನ ಸ್ವಾಮಾರ ಬತ್ತೀವಿ ಅಂದವ್ರ. ನಾನು ಬೇಗೂರ್ಗ ಮಗ್ಳು ಮನ್ಗ ಓಗಿ ಒಂದ್ ಮೂಲೇಲಿ ಕೂತಿರ್ತೀನಿ."

ಮೂಲೆಯಲ್ಲಿ ಕೂರುವುದೇ! ನನ್ನಕ್ಕ! ನನಗೆ ಎಷ್ಟು ಸಿಟ್ಟು ಬಂತೆಂದರೆ ಫೋನು ಇಟ್ಟಮೇಲೆ ಪಾತ್ರೆ ತೊಳೆಯುತ್ತ ಒಂದು ಲೋಟ ನೆಗ್ಗಿಸಿದೆ. ಹುಲಿ ತಿನ್ನದೆ ಬಿಟ್ಟುಹೋದ ಅಕ್ಕನನ್ನು ಭಯ ತಿನ್ನುವುದಕ್ಕೆ ನಾನು ಬಿಡುವುದಿಲ್ಲ ಅಂತ ಗಟ್ಟಿಯಾಗಿಯೇ ಅಂದೆ. ಗಂಡ ಹೊರಗಿನಿಂದ, "ಯಾರ ಜೊತೆ ಜಗಳ?" ಅಂದರು.

ಕಾಡಂಚಿನ ಊರುಗಳಲ್ಲಿ ಈಗೊಂದು ಉಪಾಯ ಮಾಡಿದ್ದಾರೆ. ಹುಲಿ ಎರಗುವುದು ಹಿಂದಿನಿಂದ. ತನ್ನನ್ನು ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಹಿಂಜರಿಯುತ್ತದೆ ಅಂತಾರೆ. ಅದಕ್ಕೆ ಹೊಲಕ್ಕೆ ಹೋಗುವವರು ತಲೆಯ ಹಿಂಭಾಗಕ್ಕೆ ಮನುಷ್ಯನ ಮುಖವಾಡ ಕಟ್ಟಿಕೊಳ್ಳುತ್ತಾರೆ. ಅಕ್ಕನಿಗೂ ಯಾರೋ ಒಂದು ಪ್ಲಾಸ್ಟಿಕ್ಕಿನದು ಕೊಟ್ಟಿದ್ದರು. ಮೀಸೆ ಹೊತ್ತ ಬಿಳೀ ಗಂಡಸಿನ ಮುಖ. "ಬಿಸ್ಲಿಗ ತಲ ಬೇಯ್ತದ, ಆ ಮೂತಿ ನೋಡುದ್ರ ಉಲಿ ನಗ್ತದ" ಅಂತ ಅದನ್ನು ಅಟ್ಟಕ್ಕೆ ಎಸೆದಿದ್ದಳು. ಲೋಟ ನೆಗ್ಗಿಸಿಕೊಂಡು ಕೂತಿದ್ದ ನನಗೆ ಥಟ್ಟನೆ ಅವ್ವನ ಕಾಗದದ ಬುಟ್ಟಿಗಳು ನೆನಪಾದವು. ಎದ್ದವಳೇ ಮೂಲೆಯಲ್ಲಿದ್ದ ಹಳೆಯ ಪೇಪರನ್ನೆಲ್ಲ ಹರಿದು ಬಕೆಟ್ಟಿಗೆ ಹಾಕಿದೆ. ಅವತ್ತಿನ ಪೇಪರೂ ಅದರಲ್ಲೇ ಹೋಯಿತು, ಗಂಡ ಇನ್ನೂ ಓದಿರಲಿಲ್ಲ.

ನಮ್ಮವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಕಾಗದದ ಬೆಲೆ ಅವಳಿಗೆ ಗೊತ್ತಿದ್ದಷ್ಟು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಪರೀಕ್ಷೆ ಮುಗಿದ ಮಾರನೆಯ ದಿನ ನಮ್ಮ ನೋಟ್ ಪುಸ್ತಕಗಳೆಲ್ಲ ಹಂಡೆಗೆ ಬೀಳುತ್ತಿದ್ದವು. ನೆಂದ ಕಾಗದಕ್ಕೆ ನೆಂದ ಮೆಂತ್ಯ ಹಾಕಿ ಒರಳಿನಲ್ಲಿ ರುಬ್ಬಿ, ಬೋರಲು ಹಾಕಿದ ಮಡಕೆಯ ಮೇಲೆ ಮೆತ್ತಿ, ಒಣಗಿದ ಮೇಲೆ ಬಿಡಿಸಿದರೆ ಬುಟ್ಟಿ. ಮೆಂತ್ಯದ ಕಹಿಗೆ ಹುಳ ಹತ್ತುವುದಿಲ್ಲ. ನನ್ನ ಏಳನೇ ಕ್ಲಾಸಿನ ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲಿ ಬಹಳ ವರ್ಷ ಹುರುಳಿ ತುಂಬಿಕೊಂಡು ಕೂತಿತ್ತು. ಬುಟ್ಟಿಗೆ ಬಣ್ಣ ಹಚ್ಚುವ ಕೆಲಸ ಮಾತ್ರ ನನ್ನದು. ಬಟ್ಟೆಗೆ ಹಾಕುವ ನೀಲಿ, ಇಟ್ಟಿಗೆ ಪುಡಿ, ಬಸಳೆ ಹಣ್ಣಿನ ರಸ, ಹೀಗೆ ಸಿಕ್ಕಿದ್ದರಲ್ಲಿ ಗಿಳಿ, ನವಿಲು, ಬಳ್ಳಿ ಬರೆಯುತ್ತಿದ್ದೆ. ಒಮ್ಮೆ ಬಸ್ಸನ್ನೂ ಬರೆದಿದ್ದೆ, ಕಿಟಕಿಗೊಂದು ತಲೆಯಿಟ್ಟು.

ಮುಖವಾಡ ಅಂದರೇನು, ಕಣ್ಣು ಮೂಗಿರುವ ಬುಟ್ಟಿ ತಾನೆ!

ಅಕ್ಕ ಬಾಗಿಲಲ್ಲೇ ನನ್ನ ಚೀಲ ನೋಡಿ ಸೊಂಟದ ಮೇಲೆ ಕೈಯಿಟ್ಟಳು. ಸೊರಗಿದ್ದಳು. ಬಿಸಿಲು ಕಾಣದ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಉಲಿ ಏನು ಪೆದ್ದಾ? ಕಾಗ್ದದ್ ಮೊಕ ಯಾವ್ದು, ನಿಜದ್ ಮೊಕ ಯಾವ್ದು ಅಂತ ಗೊತ್ತಾಯ್ಕಿಲ್ವಾ?"

"ನಿನಗೆ ಗೊತ್ತಾಗದ ಹಾಗೆ ಮಾಡ್ತೀನಿ, ಆಮೇಲೆ ಹುಲಿ ವಿಚಾರ," ಅಂದೆ.

"ಮಾಡ್ಕ ಓಗು. ನನ್ನ ಮಾತ್ರ ಕರೀಬ್ಯಾಡ," ಅಂತ ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಜಗುಲಿಯಲ್ಲಿ ಅಂಗಡಿ ಹರಡಿದೆ. ಒರಳು ಮೂಲೆ ಸೇರಿತ್ತು, ಅದಕ್ಕೆ ಅಕ್ಕನ ಮಿಕ್ಸಿಗೆ ಕೈ ಹಾಕಿದೆ. ಎರಡೇ ಸುತ್ತಿಗೆ ಮಿಕ್ಸಿ ಗೊರಗೊರ ಅಂದು ಹೊಗೆ ಬಿಟ್ಟಿತು. ಒಳಗಿನಿಂದ ಅಕ್ಕನ ಬೈಗುಳ ಶುರುವಾಯಿತು. ಅದನ್ನು ಕೇಳಿ ಪಕ್ಕದ ಮನೆಯ ಅತ್ತೆ ಸೊಸೆ ಓಡಿಬಂದರು. ಇಬ್ಬರೂ ಅಕ್ಕನ ಗುಂಪಿನಲ್ಲಿ ಹೂ ಕೀಳುವವರು, ಅಕ್ಕ ಬಾರದೆ ತಾವೂ ಹೋಗದೆ ಕೂತವರು. ಸಂಗತಿ ತಿಳಿದದ್ದೇ ಸೊಸೆ ಸೆರಗು ಸಿಕ್ಕಿಸಿಕೊಂಡು ಒರಳಿನ ಮುಂದೆ ಕೂತಳು. ಅತ್ತೆ ಹುಣಸೆ ಬೀಜ ಹುರಿದು, ಕುಟ್ಟಿ, ಅಂಟು ಕಾಯಿಸಿಕೊಟ್ಟಳು. ಮೂರು ಮಡಕೆ ಬೋರಲು ಹಾಕಿ, ಅಂಟಿಕೊಳ್ಳದಿರಲೆಂದು ಬೂದಿ ಸವರಿ, ನಾನು ಮೆತ್ತಲು ಕೂತೆ. ಬೆರಳಿಗೆ ಆ ತಣ್ಣನೆ ಹಿಟ್ಟು ತಗುಲಿದಾಗ ಎಷ್ಟು ಖುಷಿಯಾಯಿತು ಅಂತೀರಿ! ಮೂಗು ಎತ್ತರಿಸಿದೆ, ಹುಬ್ಬಿನ ಏರು ಕೂಡಿಸಿದೆ, ಗಲ್ಲ ಒತ್ತಿದೆ. ಮೆಂತ್ಯದ ಘಾಟು ಕೈತುಂಬ.

"ನಂಗ ನಮ್ಮತ್ತ ಮೊಕ ಮಾಡ್ಕೊಡಿ ಅಕ್ಕ," ಅಂದಳು ಸೊಸೆ. "ಉಲಿ ತಾಲ್ಲೂಕೇ ಬುಟ್ಟು ಓಯ್ತದ."

"ನನ್ ಸೊಸ ಮೊಕ ಮಾತ್ರ ಬ್ಯಾಡ ಕಣವ್ವ," ಅಂದಳು ಅತ್ತೆ. "ಕೆಲ್ಸ ಮಾಡೋ ಒತ್ನಲ್ಲೂ ಆಕಳಿಸ್ತದ ಅದು. ಉಲಿನೂ ಅಲ್ಲೇ ಮಲೀಕತ್ತದ."

ನಾವು ಬಿದ್ದು ಬಿದ್ದು ನಕ್ಕೆವು. ಆಗ ಕತ್ತಲ ನಡುಮನೆಯಿಂದ ಅಕ್ಕನ ದನಿ ಬಂತು. "ಮಾಡೋದೇ ಆದ್ರ ಅವ್ವನ್ ಮೊಕ ಮಾಡು, ಕಟ್ಕತೀನಿ. ಅವ್ವ ನೋಡುದ್ರ ಉಲಿ ಏನು, ಅದ್ರಪ್ಪನೂ ನಿಂತ್ಕಬೇಕು."

ಅವಳು ಹಂಗಿಸಲಿಕ್ಕೆ ಅಂದದ್ದು. ಆದರೆ ನನ್ನ ಮೈ ಜುಮ್ಮೆಂದಿತು. ಅವ್ವನ ನೋಟ ಅಂದರೆ ನಮ್ಮೂರಲ್ಲಿ ಗಾದೆಯಂತಾಗಿತ್ತು. ಓಡುವ ಹೋರಿ ನಿಲ್ಲುತ್ತಿತ್ತು, ಅಳುವ ಮಗು ಬಾಯಿ ಮುಚ್ಚುತ್ತಿತ್ತು. ಹೊಲಕ್ಕೆ ಹೋಗುವಾಗ ಅವಳು ಮುಂದೆ, ದಾರಿಯಲ್ಲಿ ಕಂಡದ್ದನ್ನೆಲ್ಲ ನೋಡುತ್ತ ನಾನು ಹಿಂದೆ. ಸ್ವಲ್ಪ ದೂರ ಹೋಗಿ ತಿರುಗಿ ನಿಂತು ಆ ನೋಟ ಬಿಡುತ್ತಿದ್ದಳು. "ಬಿರ್ನೆ ಬಾರಮ್ಮಿ! ಕಾಲ್ಗೇನು ಕಲ್ಲು ಕಟ್ಕಂಡಿದ್ದಯಾ?" ಅವಳು ಹೋಗಿ ಎಂಟು ವರ್ಷವಾಗಿತ್ತು.

"ಮಾಡ್ತೀನಿ. ಮಾತು ತಪ್ಪಬೇಡ," ಅಂತ ಕೂಗಿದೆ.

ಹಸಿ ಮುಖಗಳನ್ನು ಅಲ್ಲೇ ಬಿಟ್ಟು ಭಾನುವಾರ ಸಂಜೆ ಹಿಂತಿರುಗಿದೆ. ಆ ವಾರ ಕಚೇರಿಯಲ್ಲಿ ಫೈಲುಗಳ ಅಂಚಿನಲ್ಲೆಲ್ಲ ಕಣ್ಣು ಬರೆದು ಆಮೇಲೆ ರಬ್ಬರು ಹಾಕಿ ಒರೆಸಿದೆ. ಹೊರಗೆ ತುಂತುರು ಮಳೆ. ಒಣಗದೆ ಬೂಷ್ಟು ಹಿಡಿದರೆ ಏನು ಗತಿ ಅಂತ ದಿನಕ್ಕೆರಡು ಸಲ ಪಕ್ಕದ ಮನೆಯ ಸೊಸೆಗೆ ಫೋನು. ಬುಧವಾರ ಅವಳು ಪಿಸುದನಿಯಲ್ಲಿ ಹೇಳಿದಳು: "ನಿಮ್ಮಕ್ಕ ಮೂರ್ನೂ ಒಲೆ ಮೇಲ್ಗಡೆ ನ್ಯಾತಾಕವ್ರ ಅಕ್ಕ. ಗಳ್ಗೆಗೊಂದ್ಸಲ ತಿರುಗ್ಸಿ ತಿರುಗ್ಸಿ ಇಡ್ತಾವ್ರ. ನಾ ಏಳ್ದೆ ಅನ್ಬ್ಯಾಡಿ." ನಾನು ಕಚೇರಿಯ ವರಾಂಡದಲ್ಲಿ ಒಂದು ಕುಣಿತ ಕುಣಿದೆ. ಟೀ ತರುತ್ತಿದ್ದವರು ಪಕ್ಕಕ್ಕೆ ಸರಿದರು.

ಮತ್ತೆ ಶನಿವಾರ ಬಂತು. ಸೋಮವಾರ ಶುಂಠಿಯವರು ಬರುವವರು. ಮುಖಗಳು ಕಲ್ಲಿನಂತೆ ಒಣಗಿದ್ದವು, ಬೆರಳಲ್ಲಿ ಹೊಡೆದರೆ ಟಕ್ ಟಕ್ ಅನ್ನುತ್ತಿದ್ದವು. ಅವ್ವನದೆಂದು ಉಳಿದಿದ್ದ ಫೋಟೊ ಒಂದೇ, ವೋಟಿನ ಕಾರ್ಡಿನದು. ಮಸಿ ಹಿಡಿದ ಆಲೂಗೆಡ್ಡೆಗೆ ಸೀರೆ ಉಡಿಸಿದಂತಿತ್ತು ಅದು. ಇರಲಿ, ನನ್ನ ತಾಯಿಯ ಮುಖ ನನಗೆ ಗೊತ್ತಿಲ್ಲವೇ ಅಂದುಕೊಂಡೆ.

ಮೊದಲು ಮೂರಕ್ಕೂ ಬಿಳಿ ಬಳಿಯಬೇಕು. ತಂದಿದ್ದ ಬಿಳಿ ಬಣ್ಣ ಒಂದು ಮೂಗಿಗೂ ಸಾಲದು. ಗೋಡೆಗೆಂದು ನೆನೆಸಿದ್ದ ಸುಣ್ಣ ಹಿತ್ತಲಲ್ಲಿತ್ತು, ಅದನ್ನೇ ಬಳಿದೆ. ಇನ್ನೂ ಪೂರ್ತಿ ಆರಿರಲಿಲ್ಲ, ನನಗೋ ತಡೆಯಲಾರದ ಆತುರ. ಸೊಸೆಯ ಮುಖಕ್ಕೆ ಗೋಧಿ ಬಣ್ಣ, ದೊಡ್ಡ ಬೊಟ್ಟು. ಅತ್ತೆಯದಕ್ಕೆ ಕೇಳಿದ ಹಾಗೆ ಎರಡೂ ಕಡೆ ಮೂಗುತಿ. ಬ್ರಷ್ಷು ತನ್ನಷ್ಟಕ್ಕೆ ಓಡುತ್ತಿತ್ತು. ಮೂರನೆಯದು ಅವ್ವನದು.

"ಅರ್ಸ್ನ ಇಲ್ದೆ ನಿಮ್ಮವ್ವನ್ ಮೊಕವಾ?" ಅಂದಳು, ಅವ್ವ ಇಲ್ಲಿಗೆ ಬಂದಾಗಲೆಲ್ಲ ನೋಡಿದ್ದ ಅತ್ತೆ.

ಸರಿಯೇ. ಶುಕ್ರವಾರ ಬಂತೆಂದರೆ ಅವ್ವನ ಕೆನ್ನೆಯ ಮೇಲೆ ಅರಿಶಿನ ಮೆತ್ತಿಕೊಂಡಿರುತ್ತಿತ್ತು. ಪೋಸ್ಟರ್ ಕಲರಿನ ಹಳದಿ ಯಾಕೆ, ಮನೆಯಲ್ಲಿ ಬೆಳೆದ ಅರಿಶಿನವೇ ಇರುವಾಗ! ಡಬ್ಬದಿಂದ ಎರಡು ಹಿಡಿ ತಂದು ಹುಣಸೆ ಬೀಜದ ಅಂಟಿಗೆ ಕಲಸಿ, ಅಂಗೈಯಲ್ಲಿ ತೆಗೆದುಕೊಂಡು, ಅವ್ವನಿಗೇ ಹಚ್ಚುವ ಹಾಗೆ ಎರಡೂ ಕೆನ್ನೆ, ಹಣೆ, ಗಲ್ಲಕ್ಕೆಲ್ಲ ಬಳಿದೆ.

ನೋಡ ನೋಡುತ್ತಿದ್ದಂತೆ ಮುಖ ಕೆಂಪಾಯಿತು!

ಎಷ್ಟು ಮದುವೆಗೆ, ಎಷ್ಟು ಬಾಣಂತನಕ್ಕೆ ಆರತಿ ಎತ್ತಿದ ಕೈ ಇದು! ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪೆಂದು ಹಾಲುಹಲ್ಲಿನ ಮಗುವೂ ಹೇಳುತ್ತದೆ. ಆ ತಟ್ಟೆಗಳಿಗೆಲ್ಲ ಕೆಂಪು ನೀರು ಕಲಸಿದವಳು ನಾನೇ. ಅತ್ತೆ ಹೊಟ್ಟೆ ಹಿಡಿದುಕೊಂಡು, "ನಿಮ್ಮವ್ವನ್ನ ಆರ್ತಿ ತಟ್ಟ ಮಾಡ್ಬುಟ್ಟಲ್ಲಮ್ಮಿ!" ಅಂತ ನಕ್ಕಳು. ಒರೆಸಹೋದರೆ ಸುಣ್ಣ ಕಿತ್ತು ಇನ್ನಷ್ಟು ಕೆಂಪು. ತೊಳೆದರೆ ಕಾಗದ ಕರಗುತ್ತದೆ. ಹೊಸದು ಮಾಡಲು ಸಮಯವಿಲ್ಲ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದು ಬ್ರಷ್ಷನ್ನು ಅಂಗಳಕ್ಕೆ ಎಸೆದೆ. ಮುಗೀತು, ಅಕ್ಕ ಬೇಗೂರಿಗೆ ಹೋದ ಹಾಗೆಯೇ ಅಂದುಕೊಂಡೆ.

ನಗುವಿನ ಗದ್ದಲಕ್ಕೆ ಅಕ್ಕ ಹೊರಗೆ ಬಂದಳು. ಕೈಯಲ್ಲಿ ರಾಗಿ ಕೇರುತ್ತಿದ್ದ ಮೊರ. ಮೊರ ಇಳಿಸಿ ಮುಖವಾಡವನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ನೋಡಿದಳು.

"ಇಂಗೇ ಕಣಮ್ಮಿ," ಅಂದಳು ಮೆಲ್ಲಗೆ. "ನಾನು ಅಸೂನ ಕಾಡ್ನಲ್ಲಿ ಬುಟ್ಬುಟ್ಟು ಬಂದಿದ್ನಲ್ಲ, ಅವತ್ತು ಅವ್ವ ಇಂಗೇ ಕೆಂಪಗ ಆಗಿದ್ಲು. ಒಬ್ಳೇ ಓಗಿ ಅದ್ನ ಒಡ್ಕಂಡು ಬಂದ್ಲು, ಕತ್ತಲ ಆಗೋದ್ರೊಳ್ಗ." ಆಮೇಲೆ ನನ್ನ ಕಡೆ ನೋಡಿ, "ಕಣ್ಣೆಲ್ಲಿ?" ಅಂದಳು.

ಕಣ್ಣು ಕೊನೆಗೆ ಬರೆಯುವುದು. ಬರೆಯುವಾಗ ಎದುರಿಗೆ ಯಾರೂ ನಿಲ್ಲಬಾರದು ಅಂತ ಅತ್ತೆ ಎಲ್ಲರನ್ನೂ ನನ್ನ ಹಿಂದಕ್ಕೆ ಎಳೆದುಕೊಂಡಳು. ಸೊಸೆ ಅಂಗಳದಿಂದ ಬ್ರಷ್ಷು ಆರಿಸಿ ತಂದಳು. ನಾನು ಉಸಿರು ಬಿಗಿಹಿಡಿದು ಬರೆದೆ. ಎರಡು ದೊಡ್ಡ ಕಣ್ಣು, ಕಪ್ಪು ಗುಡ್ಡೆ, ತೀಡಿದ ರೆಪ್ಪೆ. ಚೆನ್ನಾಗಿಯೇ ಬಂದವು. ಬೀಗುತ್ತ ಅಕ್ಕನ ಮುಂದೆ ಹಿಡಿದೆ.

"ಯಾರಿವ್ಳು?"

"ಅವ್ವ."

"ಅವ್ವ ಎಲ್ಲಿ ಬಂದ್ಲು? ಕ್ಯಾಲೆಂಡರ್ ಲಕ್ಷ್ಮಿ ಕಣ ಇದು. ಅವ್ವನ್ ಎಡಗಣ್ಣು ಮರ್ತ್ಬುಟ್ಟಾ?"

ಮರೆತೇಬಿಟ್ಟಿದ್ದೆ. ಎಂದೋ ಹಸುವಿನ ಕೊಂಬು ತಗುಲಿ ಅವ್ವನ ಎಡಗಣ್ಣಿನ ರೆಪ್ಪೆ ಇಳಿಬಿದ್ದಿತ್ತು. ಒಂದು ಕಣ್ಣು ಅಗಲ, ಒಂದು ಕಿರಿದು. ಯಾವಾಗಲೂ ಗುರಿ ಹಿಡಿದವಳಂತೆ ಕಾಣುತ್ತಿದ್ದುದು ಅದಕ್ಕೇ. ಹುಟ್ಟಿದಾಗಿನಿಂದ ನೋಡಿದ ಮುಖದಿಂದ ನಾನು ಅದನ್ನು ಹೇಗೆ ಕಳೆದುಕೊಂಡೆನೋ! ನಾಚಿಕೆಯಿಂದ ತಲೆ ತಗ್ಗಿಸಿದೆ.

"ಕೊಡಿಲ್ಲಿ," ಅಂದಳು ಅಕ್ಕ. ಹುಟ್ಟಿದ ಮೇಲೆ ಒಮ್ಮೆಯೂ ಬ್ರಷ್ಷು ಹಿಡಿದವಳಲ್ಲ. ಕುಡುಗೋಲು ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದು, ಎಡಗಣ್ಣಿನ ಮೇಲೆ ಕೆಂಪು ಬಣ್ಣವನ್ನು ಇಷ್ಟಿಷ್ಟೇ ಇಳಿಸಿ ರೆಪ್ಪೆ ಮಾಡಿದಳು. ಹುಬ್ಬನ್ನು ಒಂದು ಕಡೆ ಸ್ವಲ್ಪ ಮುರಿದಳು. ತುಟಿಯ ಕೊನೆಯನ್ನು ಒಳಕ್ಕೆ ಎಳೆದಳು. ಮುಗಿಸಿ ನಮ್ಮ ಕಡೆ ತಿರುಗಿಸಿದಾಗ ಪಕ್ಕದ ಮನೆಯ ಸೊಸೆ ತಾನಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅವಳು ನಮ್ಮವ್ವನನ್ನು ಕಂಡವಳೇ ಅಲ್ಲ.

ನಾನು ಚಪ್ಪಾಳೆ ತಟ್ಟಿ, ಕೂಗಿ, ಅಕ್ಕನನ್ನು ತಬ್ಬಿಕೊಂಡು ಅವಳ ಸೀರೆಗೆಲ್ಲ ಬಣ್ಣ ಮಾಡಿದೆ. "ಬುಡೇ, ಉಚ್ಚಿ," ಅಂದಳು. ಭಾನುವಾರ ಮೂರಕ್ಕೂ ವಾರ್ನಿಷ್ ಬಳಿದು, ಕಿವಿಯ ಪಕ್ಕ ತೂತು ಕೊರೆದು ದಾರ ಪೋಣಿಸಿದೆ. ಕಚೇರಿಗೆ ಒಂದು ದಿನದ ರಜೆ ಹೇಳಿದೆ. ಕಾರಣ ಕೇಳಿದರೆ ಅವ್ವ ಬಂದಿದ್ದಾಳೆ ಅನ್ನುತ್ತಿದ್ದೆನೇನೋ, ಸದ್ಯ ಕೇಳಲಿಲ್ಲ.

ಸೋಮವಾರ ಬೆಳಕು ಹರಿದು ಬಿಸಿಲು ಕಾಣುವ ಹೊತ್ತಿಗೆ ಅಕ್ಕ ತಲೆ ಬಾಚಿ, ಗಂಟು ಹಾಕಿ, ಕೂತಳು. ನಾನು ಹಿಂದೆ ನಿಂತು ಮುಖವಾಡ ಕಟ್ಟಿದೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಶುಂಠಿಯವರು. ಹತ್ತು ಗಂಟೆಗೆ ಬರುತ್ತೇವೆ, ಮನೆಯಲ್ಲೇ ಇರಿ ಅಂದರು. ಅಕ್ಕ, "ಈಗ ಒಲ್ಕ ಓಯ್ತಾ ಇವ್ನಿ, ಆಮೇಲ್ ಏಳ್ತೀನಿ," ಅಂತ ಇಟ್ಟುಬಿಟ್ಟಳು. ಬೇಡ ಅನ್ನಲಿಲ್ಲ.

ಕಾಲುದಾರಿಯಲ್ಲಿ ಅಕ್ಕ ಮುಂದೆ, ಅವಳ ಹಿಂದೆ ನಾನು, ನನ್ನ ಹಿಂದೆ ಮೂಗುತಿ ಮುಖದ ಅತ್ತೆ, ಕೊನೆಗೆ ಸೊಸೆ. ನನಗೆ ಮುಖವಾಡ ಮಾಡಿಕೊಂಡಿರಲಿಲ್ಲ, ಅದಕ್ಕೇ ನಡುವೆ ಹಾಕಿಕೊಂಡಿದ್ದರು. ಹೊಲ ಕಂಡಿತು. ಅಬ್ಬಾ! ಒಂದು ತಿಂಗಳಿಂದ ಯಾರೂ ಕೈಯಿಡದ ಚೆಂಡು ಹೂವು, ಕಾಡಿನ ಬುಡದವರೆಗೂ ಕಿತ್ತಳೆ. ಅಕ್ಕನ ನಡಿಗೆ ನಿಧಾನವಾಯಿತು. ಬದುವಿನ ಹತ್ತಿರ ನಿಂತೇಬಿಟ್ಟಳು. ಅದೇ ಜಾಗ ಅಂತ ನಮಗೆಲ್ಲ ಗೊತ್ತಿತ್ತು. ಅಕ್ಕನ ಭುಜ ಏರಿ ಇಳಿಯುವುದು ಕಾಣುತ್ತಿತ್ತು. ವಾಪಸು ತಿರುಗುತ್ತಾಳೆ, ತಿರುಗಿಯೇ ತಿರುಗುತ್ತಾಳೆ ಅಂತ ನಾನು ಸೆರಗಿನ ತುದಿ ಕಚ್ಚಿ ನಿಂತೆ.

ತಿರುಗಲಿಲ್ಲ. ಬದು ಹತ್ತಿದಳು. ಆಚೆ ಇಳಿದು ಸೊಂಟದುದ್ದ ಹೂವಿನೊಳಗೆ ನಡೆದಳು, ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ.

ನಾನು ಮಾತ್ರ ಬದುವಿನ ಮೇಲೆ ಕಲ್ಲಾಗಿ ನಿಂತೆ. ಹೂವಿನ ನಡುವಿನಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ಕೆಂಪು ಮುಖ, ಎಡಗಣ್ಣು ಕಿರಿದು. ಹೆಜ್ಜೆ ಮುಂದಕ್ಕೆ ಹೋಗುತ್ತಿತ್ತು, ನೋಟ ನನ್ನ ಮೇಲೇ ಇತ್ತು. ಎಂಟು ವರ್ಷದಿಂದ ಆ ನೋಟ ನನ್ನ ಮೇಲೆ ಬಿದ್ದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಹೊಲವೆಲ್ಲ ಕಲಸಿಹೋಯಿತು.

ಅಕ್ಕ ತಿರುಗದೆಯೇ, ಹೂ ಕೀಳಲು ಬಗ್ಗುತ್ತ, ಕೂಗಿದಳು.

"ಬಿರ್ನೆ ಬಾರಮ್ಮಿ! ಕಾಲ್ಗೇನು ಕಲ್ಲು ಕಟ್ಕಂಡಿದ್ದಯಾ?"

"ಬಂದೆ ಕಣವ್ವ," ಅಂತ ಓಡಿದೆ.